ರೇಷ್ಮೆ ಹುಳುಗಳ ಕೆಳಗೆ ಕೊನೆಯ ಕಂತು

ಪಿಯುಸಿ ಮೊದಲ ವರ್ಷದ ಕನ್ನಡ ಕ್ಲಾಸಿನಲ್ಲಿ ಮೇಡಂ ಒಬ್ಬೊಬ್ಬರನ್ನೇ ಎಬ್ಬಿಸಿ, "ಇತ್ತೀಚೆಗೆ ಏನು ಓದಿದಿರಿ, ಹೇಳಿ" ಎಂದು ಕೇಳಿದರು. ಚಿಂತಾಮಣಿಯ ನಮ್ಮ ಕಾಲೇಜಿನಲ್ಲಿ ಇದು ಅಪಾಯದ ಪ್ರಶ್ನೆ. ಮುಂದಿನ ಬೆಂಚಿನವಳು ಬೇಗ ಶ್ರೀಮಂತರಾಗುವುದು ಹೇಗೆ ಎನ್ನುವ ಇಂಗ್ಲಿಷ್ ಪುಸ್ತಕದ ಸಾರಾಂಶ ಒಪ್ಪಿಸಿದಳು. ಅವಳು ನೋಡಿದ್ದು ಅದರ ವಿಡಿಯೊ, ಅದೂ ಅರ್ಧ. ಹಿಂದಿನ ಬೆಂಚಿನ ಹುಡುಗ "ಬಸ್ಸಿನ ಬೋರ್ಡು ಮೇಡಂ" ಎಂದು ಹೇಳಿ, ಯಾರೂ ಹೇಳುವ ಮೊದಲೇ ತಾನಾಗಿ ಹೊರಗೆ ನಡೆದ. ನನ್ನ ಸರದಿ ಬಂತು. ನಾನು ನಿಜ ಹೇಳಿದೆ.

"ಒಂದು ಕಾದಂಬರಿ ಓದ್ತಿದ್ದೀನಿ ಮೇಡಂ. ಕೊನೇ ಕಂತು ಮಾತ್ರ ಬಾಕಿ. ಅದು ಹುಳುಗಳ ಕೆಳಗಿದೆ."

ಪೇಟೆಯ ಮಕ್ಕಳು ನಕ್ಕರು. ಹಳ್ಳಿಯಿಂದ ಬರುವವರು ನಗಲಿಲ್ಲ. ನಮ್ಮ ಕಡೆ ಮೂರು ಮನೆಗೆ ಒಂದು ಮನೆಯಲ್ಲಾದರೂ ಹುಳು ಮೇಯಿಸುತ್ತಾರೆ. ಪಕ್ಕದವಳು ಬಹಳ ಗಂಭೀರವಾಗಿ, "ಯಾವ ಜ್ವರ?" ಎಂದಳು. ನಾಲ್ಕನೆಯದು ಎಂದೆ. "ಅಯ್ಯೋ, ಹಂಗಾದ್ರೆ ಮುಟ್ಟಂಗಿಲ್ಲ ಬಿಡು" ಎಂದಳು. ಮೈಸೂರು ಕಡೆಯ ಮೇಡಂ ನಮ್ಮಿಬ್ಬರ ಮುಖವನ್ನೂ ನೋಡಿ ಕುರ್ಚಿಯಲ್ಲಿ ಕೂತುಬಿಟ್ಟರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ, ಸ್ವಲ್ಪ ಸಾವಧಾನವಾಗಿ, ಏಕೆಂದರೆ ಅಲ್ಲಿ ಬೆಲ್ ಹೊಡೆದುಬಿಟ್ಟಿತು.

ನಮ್ಮ ಮನೆ ಕೆಂಚಾರ್ಲಹಳ್ಳಿ ಕಡೆ. ನಮ್ಮಲ್ಲಿ ಕಾಗದ ಬರುವುದು ಓದಲಿಕ್ಕಲ್ಲ, ಹಾಸಲಿಕ್ಕೆ. ಪ್ರತಿ ಬೆಳೆಗೂ ಅಪ್ಪ ಚಿಂತಾಮಣಿಯ ಗುಜರಿ ಅಂಗಡಿಯಿಂದ ಹಳೆ ಪೇಪರು, ವಾರಪತ್ರಿಕೆ, ಯಾವುದೋ ಶಾಲೆಯ ಉತ್ತರಪತ್ರಿಕೆ ಎಲ್ಲವನ್ನೂ ಚೀಲಗಟ್ಟಲೆ ತೂಗಿಸಿ ತರುತ್ತಾರೆ. ಹುಳುಮನೆಯಲ್ಲಿ ಒಂದರ ಮೇಲೊಂದು ಕಟ್ಟಿದ ಅಂತಸ್ತುಗಳಲ್ಲಿ ನೈಲಾನ್ ಬಲೆಯ ಮೇಲೆ ಕಾಗದ, ಕಾಗದದ ಮೇಲೆ ಹುಳು, ಹುಳುವಿನ ಮೇಲೆ ಹಿಪ್ಪುನೇರಳೆ ಸೊಪ್ಪು. ನಾನು ಓದುಗಾರ್ತಿಯಾಗಿದ್ದು ಈ ಚೀಲಗಳಿಂದ. ಹಾಸುವ ಮೊದಲು ಓದಿಬಿಡಬೇಕು, ಇಲ್ಲದಿದ್ದರೆ ಹೋಯಿತು. ಹಾಗಾಗಿ ನನ್ನ ವೇಗ ಚೆನ್ನಾಗಿದೆ.

ಏನೆಲ್ಲ ಓದಿದ್ದೇನೆ ಎಂದರೆ ಪಟ್ಟಿ ಮಾಡಲು ನಾಚಿಕೆಯಾಗುತ್ತದೆ. ಮಂಡಿನೋವಿಗೆ ಮನೆಮದ್ದಿನ ಅರ್ಧ ಲೇಖನ. ನೋವಿನ ಅರ್ಧ ಮಾತ್ರ ಸಿಕ್ಕಿತು, ಮದ್ದಿನ ಅರ್ಧ ಹುಳುಗಳಿಗೆ ಹೋಯಿತು. ಅವಧಿ ಮುಗಿದ ರಾಶಿಫಲ ನನಗೆ ತುಂಬ ಇಷ್ಟ, ಏಕೆಂದರೆ ನಿಜವಾಯಿತೋ ಇಲ್ಲವೋ ನೋಡಬಹುದು. ಸಿಂಹ ರಾಶಿಯವರಿಗೆ ವಿದೇಶ ಪ್ರಯಾಣ ಎಂದಿದ್ದ ವಾರವೆಲ್ಲ ಸಿಂಹ ರಾಶಿಯ ನಮ್ಮಮ್ಮ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿನಿಂದಾಚೆ ಕಾಲಿಟ್ಟಿರಲಿಲ್ಲ. ಪತ್ತೇದಾರಿ ಕಥೆಗಳಲ್ಲಿ ಕೊಲೆಗಾರನಿರುವ ಪುಟ ಎಂದೂ ಸಿಗುವುದಿಲ್ಲ. ಅದಕ್ಕೆ ನಾನೇ ಒಂದು ನಿಯಮ ಮಾಡಿಕೊಂಡಿದ್ದೇನೆ: ಯಾರು ಪೊಲೀಸರಿಗೆ ಕೇಳದೆಯೇ ಕಾಫಿ ಕೊಡುತ್ತಾರೋ ಅವರೇ. ಅಪ್ಪ ಇದನ್ನೆಲ್ಲ ನೋಡಿ, "ಓದಿ ಓದಿ ಏನ್ ಕಡ್ದು ಕಟ್ಟೆ ಹಾಕ್ತೀಯ, ಸೊಪ್ಪು ತತ್ತಾ" ಎನ್ನುತ್ತಾರೆ. ಸೊಪ್ಪನ್ನೂ ತರುತ್ತೇನೆ.

ಈ ಬೆಳೆಯ ಚೀಲದಲ್ಲಿ ಮಾತ್ರ ಅದೃಷ್ಟ ಖುಲಾಯಿಸಿತು. ಯಾರೋ ಪುಣ್ಯಾತ್ಮರು ಹಳೆಯ ವಾರಪತ್ರಿಕೆಯೊಂದನ್ನು ವಾರ ತಪ್ಪದೆ ಕೂಡಿಟ್ಟು, ಸೆಣಬಿನ ದಾರದಲ್ಲಿ ಕಟ್ಟಿದ್ದರು. ಅದರಲ್ಲಿ ಒಂದು ಧಾರಾವಾಹಿ, ಮೊದಲ ಕಂತಿನಿಂದ 'ಮುಗಿಯಿತು' ಎನ್ನುವವರೆಗೆ. ಕೊಲೆಗಾರನಿರುವ ಪುಟವೂ ಇರುವ ಕಥೆಯನ್ನು ನಾನು ನೋಡಿದ್ದು ಅದೇ ಮೊದಲು. ಕೊಲೆ ಇರಲಿಲ್ಲ, ಅದು ಬೇರೆ ಮಾತು.

ಕಥೆ ಇಷ್ಟು. ಒಂದು ಊರಿನಲ್ಲಿ ಇಬ್ಬರು ಅಕ್ಕತಂಗಿಯರು. ಅಪ್ಪ ಅಮ್ಮ ಇಲ್ಲ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಮೆಸ್ಸು ನಡೆಸುತ್ತಾಳೆ. ತಂಗಿ ಬಿ.ಎ. ಫೇಲಾಗಿ ಸ್ಕೂಟರ್ ಓಡಿಸುತ್ತಾಳೆ. ಒಬ್ಬ ವಕೀಲ ದಿನಾ ಊಟಕ್ಕೆ ಬರುತ್ತಾನೆ. ಅವನಿಗೆ ಇಬ್ಬರಲ್ಲಿ ಯಾರ ಮೇಲೆ ಮನಸ್ಸು ಎಂದು ಅವನಿಗೂ ಗೊತ್ತಿಲ್ಲ, ಬರೆದವರಿಗೂ ಗೊತ್ತಿದ್ದಂತೆ ಕಾಣುವುದಿಲ್ಲ. ಪ್ರತಿ ಕಂತಿನ ಕೊನೆಗೆ ಈ ವಕೀಲ ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, "ನಿಮಗೊಂದು ಮಾತು ಹೇಳಬೇಕಿತ್ತು" ಎನ್ನುತ್ತಾನೆ. ಅಷ್ಟರಲ್ಲಿ ಹಾಲು ಉಕ್ಕುತ್ತದೆ, ಅಥವಾ ಕರೆಂಟು ಹೋಗುತ್ತದೆ, ಅಥವಾ ಪುರಸಭೆಯವರು ಬರುತ್ತಾರೆ. ಒಂದು ವಾರ ಏನೂ ಸಿಗದೆ ತಂಗಿಯನ್ನು ಮೂರ್ಛೆ ಬೀಳಿಸಿದ್ದರು.

ಇದನ್ನು ನಾನೊಬ್ಬಳೇ ಓದಲಿಲ್ಲ, ಅಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಅಕ್ಷರ ಬಾರದು. ಗಡಿಯಾಚೆಯ ತೆಲುಗು ಊರಿನಿಂದ ಸೊಸೆಯಾಗಿ ಬಂದವಳು, ಸಿಟ್ಟು ಬಂದರೆ ಈಗಲೂ ತೆಲುಗೇ. ವರ್ಷದಲ್ಲಿ ಅರ್ಧ ನಮ್ಮ ಮನೆ, ಅರ್ಧ ಮಂಚೇನಹಳ್ಳಿಯ ಚಿಕ್ಕಪ್ಪನ ಮನೆ. ಯುಗಾದಿಯಿಂದ ಗೌರಿಹಬ್ಬದವರೆಗೆ ಇಲ್ಲಿ, ಆಮೇಲೆ ಅಲ್ಲಿ. ಯಾರು ಯಾವಾಗ ಹೀಗೆ ಗೊತ್ತುಮಾಡಿದರೋ, ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅಜ್ಜಿಯ ಬ್ಯಾಗಿನಲ್ಲಿ ಎರಡು ಸೀರೆ ಯಾವಾಗಲೂ ಮಡಚಿಯೇ ಇರುತ್ತವೆ.

ಹುಳುಗಳಿಗೆ ಸೊಪ್ಪು ಹಾಕಿ ಆದಮೇಲೆ ಹೊರಗಿನ ಕಲ್ಲಿನ ಮೇಲೆ ಕೂತು ನಾನು ಓದುತ್ತಿದ್ದೆ. ಒಂದು ಸೊಪ್ಪಿಗೆ ಒಂದೇ ಕಂತು. ನಾನು ಮುಂದಿನದಕ್ಕೆ ಕೈ ಹಾಕಿದರೆ ಅಜ್ಜಿ ಕೈಗೆ ಹೊಡೆಯುತ್ತಿದ್ದಳು. "ಮೊದ್ಲು ಹಾಕಿದ್ದು ಅರಗ್ಲಿ ಕಣೇ. ಒಂದೇ ಸಲ ಸುರಿದ್ರೆ ಹುಳಾನೂ ಕೆಡ್ತವೆ, ಮನ್ಷಾನೂ ಕೆಡ್ತಾನೆ." ಹೀಗಾಗಿ ಕೊನೆಯನ್ನು ಕದ್ದು ನೋಡುವ ದಾರಿಯೂ ಮುಚ್ಚಿತು.

ಅಜ್ಜಿಗೆ ಕಥೆ ಕೇಳಲು ಬರುವುದಿಲ್ಲ ಎಂದು ನಾನು ಆಗ ತೀರ್ಮಾನ ಮಾಡಿದ್ದೆ. ನಾನು ಉಸಿರು ಬಿಗಿಹಿಡಿದು, ವಕೀಲ ತಂಗಿಯ ಸ್ಕೂಟರಿನ ಹಿಂದೆ ಕೂತ ಭಾಗ ಓದುತ್ತಿದ್ದರೆ ಅಜ್ಜಿ, "ಇವಳೇನೋ ತಿರುಗಕ್ಕೆ ಹೋದ್ಲು. ಅಲ್ಲಿ ಸಾರಿಗೆ ಬೇಳೆ ಬೇಯ್ಸಿದ್ಯಾರು?" ಎನ್ನುತ್ತಿದ್ದಳು. ಅಕ್ಕ ಕಿಟಕಿಯಲ್ಲಿ ನಿಂತು ಚಂದ್ರನನ್ನು ನೋಡಿ ಕಣ್ಣೀರಿಟ್ಟ ಕಡೆ, "ಬೆಳಗಿನ ಹಿಟ್ಟು ರುಬ್ಬಾಯ್ತಾ?" ಎಂದಳು. ಎಷ್ಟು ಜನ ಉಂಡರು, ಒಲೆ ಯಾವುದು, ಅಕ್ಕಿ ಎಲ್ಲಿಂದ ಬರುತ್ತದೆ, ಇವೇ ಪ್ರಶ್ನೆ. ನಾನು ತಂಗಿಯ ಪಕ್ಷ. ಅಜ್ಜಿಯದು ಯಾವ ಪಕ್ಷ ಎಂದು ಕೇಳಿದರೆ, "ಮೆಸ್ಸಿಂದು" ಎಂದಳು. ಆ ವಕೀಲನನ್ನು ಕಂಡರೆ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು. "ನಿಮಗೊಂದು ಮಾತು" ಎಂದು ನಾನು ಓದುತ್ತಲೇ, "ಏಮಿರಾ ಆ ಮಾಟ? ಅದೇನು ಮಾತು ಹೇಳಿ ಸಾಯಿ! ಕೋರ್ಟಲ್ಲೂ ಹಿಂಗೇ ನಿಂತ್ಕಂಡ್ರೆ ಕೇಸು ಕೊಟ್ಟೋರಿಗೆ ಜೈಲೇ ಗತಿ" ಎಂದು ಕಲ್ಲನ್ನು ಗುದ್ದುತ್ತಿದ್ದಳು.

ಅಜ್ಜಿಯ ಸೊಂಟದ ವಿಚಾರವನ್ನೂ ಇಲ್ಲೇ ಹೇಳಿಬಿಡಬೇಕು. ಈಗಿನ ಶೀಟಿನ ಹುಳುಮನೆ ಕಟ್ಟುವ ಮೊದಲು ಅದೇ ಜಾಗದಲ್ಲಿ ಮಣ್ಣುಗೋಡೆಯ ಕೋಣೆಯೊಂದಿತ್ತು. ಅಲ್ಲಿ ಹುಳು ಮೇಯಿಸುತ್ತಿದ್ದವಳು ಅಜ್ಜಿ. ತಾತನನ್ನೂ ಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲವಂತೆ. ಹೊಸದು ಕಟ್ಟುವಾಗ ಅಪ್ಪ ಅದನ್ನು ಕೆಡವಿಸಿದರು. ಬಾಗಿಲಿನ ಮರ ಸೌದೆಯಾಯಿತು. ಅದರ ಬೀಗದ ಕೈ ಮಾತ್ರ ಇನ್ನೂ ಅಜ್ಜಿಯ ಸೊಂಟದ ದಾರದಲ್ಲಿ ನೇತಾಡುತ್ತದೆ. ಅಂಗೈಯುದ್ದದ ಕಬ್ಬಿಣ. ಬಗ್ಗಿ ಎದ್ದಾಗಲೆಲ್ಲ ಒತ್ತುತ್ತದೆ, ಆದರೂ ಬಿಚ್ಚುವುದಿಲ್ಲ. "ಬಾಗಿಲೇ ಇಲ್ಲ, ಗುಜರಿಗಾದ್ರೂ ಹಾಕಮ್ಮ" ಎಂದು ಅಪ್ಪ ರೇಗಿಸುತ್ತಾರೆ. "ನಿನ್ನೂ ಹಾಕ್ತೀನಿ ಗುಜರಿಗೆ, ತೂಕಕ್ಕೆ ಚೆನ್ನಾಗಿದ್ದೀಯ" ಎನ್ನುತ್ತಾಳೆ ಅಜ್ಜಿ. ನಾವೆಲ್ಲ ನಗುತ್ತೇವೆ. ಎಷ್ಟೋ ವರ್ಷಗಳ ತಮಾಷೆ ಅದು.

ಅನಾಹುತಕ್ಕೆ ಕಾರಣ ನನ್ನ ಅಚ್ಚುಕಟ್ಟುತನ. ಓದಿ ಮುಗಿಸಿದ ಕಂತುಗಳ ಹಾಳೆಗಳನ್ನು ಬಿಡಿಸಿ, ಮೂಲೆ ಸೇರಿಸಿ, ಓದದೆ ಉಳಿದಿದ್ದ ಒಂದೇ ಒಂದು ಕೊನೆಯ ಹಾಳೆಯನ್ನೂ ಜೊತೆಗಿಟ್ಟು, ಹುಳುಮನೆಯ ಕಿಟಕಿಯಲ್ಲಿ ನೀಟಾಗಿ ಜೋಡಿಸಿದ್ದೆ. ನಮ್ಮ ಮನೆಯಲ್ಲಿ ಕಾಗದವನ್ನು ನೀಟಾಗಿ ಜೋಡಿಸಿಟ್ಟರೆ ಅದಕ್ಕೆ ಒಂದೇ ಅರ್ಥ. ಹುಳುಗಳು ಜ್ವರಕ್ಕೆ ಕೂರುವ ಹೊತ್ತು ಹತ್ತಿರವಾಗಿತ್ತು. ಚರ್ಮ ಕಳಚುವ ಮೊದಲು ಅವು ಮೇವು ಬಿಟ್ಟು, ತಲೆ ಎತ್ತಿ, ಕದಲದೆ ಕೂರುತ್ತವೆ. ಅದನ್ನೇ ನಾವು ಜ್ವರ ಎನ್ನುವುದು. ಆಗ ಅಡಿಯ ಹಾಸು ಒಣಗಿರಬೇಕು. ಅಮ್ಮ ಕಿಟಕಿಯತ್ತ ನೋಡಿದ್ದಾರೆ. ಒಣಗಿದ, ಶುಭ್ರವಾದ, ಸಾಲಾಗಿ ಜೋಡಿಸಿದ ಕಾಗದ. ಮಗಳಿಗೆ ಕೊನೆಗೂ ಬುದ್ಧಿ ಬಂತೆಂದು ಅವರಿಗೆ ಕಣ್ಣು ತುಂಬಿ ಬಂದಿರಬೇಕು.

ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅಕ್ಕ, ತಂಗಿ, ವಕೀಲ ಮೂವರೂ ಹುಳುಗಳ ಕೆಳಗೆ ಸೇರಿದ್ದರು. ಹುಳುಗಳು ತಲೆ ಎತ್ತಿ ಕೂತಾಗಿತ್ತು. ಮೇಲೆ ತೆಳ್ಳಗೆ ಸುಣ್ಣದ ಪುಡಿ.

"ಅಮ್ಮಾ! ಅದು ಓದ್ತಿದ್ದಿದ್ದು!"

"ಮೆತ್ತಗೆ ಮಾತಾಡು, ಜ್ವರ" ಎಂದರು ಅಮ್ಮ. "ಓದಕ್ಕೆ ಚೀಲದಾಗೆ ಇನ್ನೂ ಬೇಕಾದಷ್ಟು ಐತೆ."

ಓದುವವರಲ್ಲದವರಿಗೆ ಇದನ್ನು ಅರ್ಥ ಮಾಡಿಸುವುದು ಹೇಗೆ ಎಂದು ನನಗೆ ಈಗಲೂ ಗೊತ್ತಿಲ್ಲ. ನಾನು ಹೋಗಿ ಅಜ್ಜಿಗೆ ದೂರು ಕೊಟ್ಟೆ. ಅಜ್ಜಿಯ ಮುಖ ನನ್ನದಕ್ಕಿಂತ ಬಾಡಿತು. ಭಾನುವಾರ ಚಿಕ್ಕಪ್ಪ ಅವಳನ್ನು ಕರೆದುಕೊಂಡು ಹೋಗಲು ಬರುವವರಿದ್ದರು. ಗೌರಿಹಬ್ಬ ಮುಗಿದಿತ್ತು, ಅವರ ಸರದಿ. ಅವಳು ಹೊರಡುವುದರೊಳಗೆ ಹುಳು ಎದ್ದರೆ ಸರಿ, ಇಲ್ಲದಿದ್ದರೆ ಅಜ್ಜಿ ವಕೀಲನ ಮಾತು ಕೇಳದೆಯೇ ಬಸ್ಸು ಹತ್ತಬೇಕು. ಮೋಡ ಮುಚ್ಚಿ ಥಂಡಿ ಬೇರೆ ಹಿಡಿದಿತ್ತು. ಥಂಡಿಯಲ್ಲಿ ಹುಳು ನಿಧಾನ.

ಆಗ ನನಗೊಂದು ಉಪಾಯ ಹೊಳೆಯಿತು. ಹಾಳೆ ಇರುವುದು ಬಲೆಯ ಮೇಲೆ. ಬಲೆಗೆ ತೂತುಗಳಿವೆ. ಮೇಲಿನ ಮಗ್ಗುಲು ಹುಳುಗಳ ಪಾಲಾದರೂ ಕೆಳಗಿನ ಮಗ್ಗುಲು ನಮ್ಮದೇ. ಶನಿವಾರ ಮಧ್ಯಾಹ್ನ ಅಪ್ಪ ಅಮ್ಮ ಮಲಗಿದ ಹೊತ್ತು ನೋಡಿ, ಕಾಲು ತೊಳೆದು, ನಾನು ಅಂತಸ್ತುಗಳ ಕೆಳಗೆ ಅಂಗಾತ ತೆವಳಿದೆ. ಅಜ್ಜಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹುಡುಕಿ ಹುಡುಕಿ, ಕಡೆಗೆ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನ ಅಂಚಿನಲ್ಲಿ ಸಿಕ್ಕಿತು. ಚಿತ್ರ ಸಮೇತ: ಮೆಟ್ಟಿಲ ಮೇಲೆ ವಕೀಲ, ಬಾಗಿಲಲ್ಲಿ ಸೌಟು ಹಿಡಿದ ಅಕ್ಕ.

"ಸಿಕ್ತಾ? ಚದುವು, ಚದುವು" ಎಂದಳು ಅಜ್ಜಿ, ಓದು ಓದು ಎಂದು. ಅವಳ ಪಿಸುಮಾತು ಅವಳ ಮಾತಿಗಿಂತ ಜೋರು.

ಬಲೆಯ ಎಳೆಗಳ ನಡುವಿನಿಂದ ಅಕ್ಷರ ಕೂಡಿಸಿಕೊಂಡು ಓದಿದೆ. ಬಾಯಿಗೆ ಸುಣ್ಣ ಬೀಳುತ್ತಿತ್ತು. ವಕೀಲ ಬಂದ. ಮೆಟ್ಟಿಲು ಹತ್ತಿದ. ಚಪ್ಪಲಿ ಬಿಟ್ಟ. ಈ ಸಲ ಹಾಲು ಉಕ್ಕಲಿಲ್ಲ, ಕರೆಂಟು ಹೋಗಲಿಲ್ಲ, ತಂಗಿ ಗಟ್ಟಿಯಾಗಿ ನಿಂತಿದ್ದಳು. ಅವನು ಅಕ್ಕನ ಕಣ್ಣಲ್ಲಿ ಕಣ್ಣಿಟ್ಟು, "ನಿಮಗೊಂದು ಮಾತು ಹೇಳಬೇಕಿತ್ತು. ಅದೇನೆಂದರೆ" ಎಂದ. ಪುಟ ಮುಗಿಯಿತು. ಉಳಿದದ್ದು ಮೇಲಿನ ಮಗ್ಗುಲಿನಲ್ಲಿತ್ತು.

ಅಜ್ಜಿ ತೆಲುಗಿನಲ್ಲಿ ಏನು ಹೇಳಿದಳೋ ಅದನ್ನು ಬರೆಯುವಂತಿಲ್ಲ.

"ಒಂದು ಮೂಲೆ ಎತ್ತಿ ನೋಡ್ಲಾ ಅಜ್ಜಿ? ಇಷ್ಟೇ ಇಷ್ಟು. ಇಪ್ಪತ್ತು ಹುಳ ಕದಲ್ತವೆ ಅಷ್ಟೇ."

ಆ ಮಾತು ಕೇಳುವ ಆಸೆ ಅವಳಿಗೆ ನನಗಿಂತ ಹೆಚ್ಚಿತ್ತು. ಕತ್ತು ಉದ್ದ ಮಾಡಿಕೊಂಡು ಕೂತಿದ್ದಳು. ಆದರೂ ನನ್ನ ಕೈ ಹಿಡಿದು ಕೆಳಗಿಟ್ಟಳು. "ಬ್ಯಾಡಮ್ಮ. ಜ್ವರದಾಗ ಮುಟ್ಟಿದ್ರೆ ಚರ್ಮ ಅಲ್ಲೇ ಸಿಕ್ಕಾಕ್ಕೊಂತದೆ, ಪಾಪ ಏಳಕ್ಕಾಗಲ್ಲ. ಆ ಮುಂಡೇದು ಇಷ್ಟು ವಾರ ಕಾಯ್ಸೈತೆ, ಇನ್ನೊಂದಿನ ಕಾಯಣ."

ಕಾದೆವು. ಭಾನುವಾರ ಬೆಳಿಗ್ಗೆ ಹುಳುಗಳಿಗಿಂತ ಮೊದಲು ಚಿಕ್ಕಪ್ಪ ಬಂದರು. ಅವರು ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸದಲ್ಲಿದ್ದಾರೆ, ಭಾನುವಾರ ಬಿಟ್ಟರೆ ಪುರುಸೊತ್ತಿಲ್ಲ. ರಜೆಯ ದಿನವೆಂದು ಸೆಂಟು ಪೂಸಿಕೊಂಡು ಬಂದಿದ್ದರಿಂದ, ಹುಳುಗಳಿಗೆ ಆ ವಾಸನೆ ಆಗದೆಂದು, ಅಮ್ಮ ಅವರನ್ನು ಹುಳುಮನೆಯ ಕಡೆ ಸುಳಿಯಲೂ ಬಿಡಲಿಲ್ಲ. ಪಾಪ, ಬೇಲಿಯಾಚೆ ನಿಂತೇ ಕಾಫಿ ಕುಡಿದರು. ಅಜ್ಜಿ ಬ್ಯಾಗು ಹಿಡಿದು ಹೊರಟವಳು ಹುಳುಮನೆಗೆ ಹೋಗಿ, ಒಂದು ಸುತ್ತು ನೋಡಿ ಬಂದಳು. "ನಾಳಿಕ್ಕೆ ಏಳ್ತವೆ" ಎಂದಳು ಅಮ್ಮನಿಗೆ. ನನಗೆ, "ಹಾಳೆ ಸಿಕ್ಕಿದ್ ತಕ್ಷಣ ಫೋನ್ ಮಾಡು. ನೀನೊಬ್ಳೇ ಓದ್ಬಿಟ್ಟೀಯ, ಜೊತೇಲಿ ಓದಣ" ಎಂದಳು. ಅವಳು ಹೋದಮೇಲೆ ಕಲ್ಲಿನ ಮೇಲೆ ಒಬ್ಬಳೇ ಕೂರಲು ನನಗೆ ಮನಸ್ಸಾಗಲಿಲ್ಲ. ಪ್ರತಿ ವರ್ಷ ಹೋಗುತ್ತಾಳೆ, ಪ್ರತಿ ವರ್ಷ ನನಗೆ ಬೇಜಾರಾಗುತ್ತದೆ. ಆದರೆ ಈ ಸಲ ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಸದ್ಯಕ್ಕೆ ವಕೀಲನ ಮೇಲೆ ಹಾಕಿದೆ.

ಮರುದಿನವೇ ಮೇಡಂ ಆ ಪ್ರಶ್ನೆ ಕೇಳಿದ್ದು. ಸಂಜೆ ಮನೆಗೆ ಬಂದರೆ ಹುಳುಗಳು ಎದ್ದಿದ್ದವು, ಹೊಸ ಚರ್ಮದಲ್ಲಿ, ಹಸಿದು. ಅವುಗಳ ಮೇಲೆ ಇನ್ನೊಂದು ಬಲೆ ಹಾಸಿ ಸೊಪ್ಪು ಹಾಕಿದರೆ ಎಲ್ಲವೂ ಸೊಪ್ಪಿಗೆ ಏರಿಬಿಡುತ್ತವೆ. ಆಮೇಲೆ ಬಲೆ ಸಮೇತ ಎತ್ತಿ ಬೇರೆ ಕಡೆ ಇಟ್ಟು, ಹಳೆಯ ಹಾಸು ತೆಗೆಯುವುದು. ಆ ಕೆಲಸಕ್ಕೆ ನಾನಾಗಿಯೇ ಮುಂದೆ ಬಂದದ್ದು ನೋಡಿ ಅಪ್ಪ ಅಮ್ಮನ ಮುಖ ನೋಡಿದರು. ಹಾಳೆ ಸಿಕ್ಕಿತು. ಸುಣ್ಣ, ಒಣಗಿದ ಸೊಪ್ಪಿನ ನಾರು, ಹಿಕ್ಕೆ, ಕಳಚಿದ ಚರ್ಮ. ಒದರಿ, ಕಲ್ಲಿನ ಮೇಲೆ ಹರಡಿ, ಓದುವ ಮೊದಲೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅಜ್ಜಿಗೆ ಕೊಟ್ಟರು. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು.

"ಎದ್ದವಾ?"

"ಎದ್ದವೆ ಅಜ್ಜಿ. ಓದ್ಲಾ?"

"ತಡಿ." ಬಾಗಿಲು ಹಾಕಿದ ಸದ್ದಾಯಿತು. ಟಿವಿ ನಿಂತಿತು. "ಊಂ, ಈಗ ಓದಮ್ಮ."

ಓದಿದೆ. ಅದೇನೆಂದರೆ, ವಕೀಲನಿಗೆ ಮೊದಲಿನಿಂದಲೂ ಅಕ್ಕನ ಮೇಲೆಯೇ ಮನಸ್ಸು. ಅಷ್ಟು ಹೇಳಲಿಕ್ಕೆ ಇಷ್ಟು ವಾರ. ಅಕ್ಕ ಸೌಟು ಕೈಬಿಟ್ಟಳು. ನನ್ನ ಪಕ್ಷದ ತಂಗಿಯನ್ನು ಯಾವುದೋ ಊರಿನ ಹಾಸ್ಟೆಲ್ಲಿಗೆ ಒಂದೇ ಸಾಲಿನಲ್ಲಿ ಸಾಗಿಹಾಕಿದ್ದರು, ಸ್ಕೂಟರಿನ ಗತಿ ಏನೆಂದೂ ಇಲ್ಲ. ಅರ್ಧ ಪುಟದಲ್ಲಿ ಮದುವೆ. ಕೊನೆಯ ಸಾಲುಗಳನ್ನು ನಾನು ಸ್ವಲ್ಪ ನಿಧಾನವಾಗಿ, ರೇಡಿಯೊದವರ ಹಾಗೆ ಓದಿದೆ: "ಮರುದಿನ ಮೆಸ್ಸಿಗೆ ಬೀಗ ಬಿತ್ತು. ಅವಳು ತಿರುಗಿ ನೋಡದೆ ಗಂಡನ ಹಿಂದೆ ನಡೆದಳು. ಮುಗಿಯಿತು."

ಲೈನು ಹೋಯಿತೇನೋ ಎಂದುಕೊಂಡೆ.

"ಅಜ್ಜಿ?"

"ಬೀಗದ ಕೈ ಯಾರತ್ರ ಐತೆ?"

"ಯಾವ ಬೀಗದ ಕೈ?"

"ಮೆಸ್ಸಿಂದು ಕಣೇ. ಬೀಗ ಹಾಕಿದ್ರು ಅಂದ್ಯಲ್ಲ. ಕೈ ಯಾರತ್ರ ಐತೆ ನೋಡು."

ಮತ್ತೆ ಓದಿದೆ. ಇರಲಿಲ್ಲ. ಹಾಳೆ ತಿರುಗಿಸಿದೆ. ಮೂಲೆಯಲ್ಲಿ ಹಿಕ್ಕೆ ಅಂಟಿದ್ದ ಕಡೆ ಉಗುರಿನಿಂದ ಕೆರೆದೆ. ಕೆಳಗೆ ಕೂದಲೆಣ್ಣೆಯ ಜಾಹೀರಾತು.

"ಬರ್ದಿಲ್ಲ ಅಜ್ಜಿ."

"ಸರ್ಯಾಗಿ ನೋಡ್ದಾ?"

"ನೋಡ್ದೆ. ಎಲ್ಲೂ ಬರ್ದಿಲ್ಲ."

ಅತ್ತ ಕಡೆ ಅಜ್ಜಿ ಉಸಿರು ಬಿಟ್ಟದ್ದು ಕೇಳಿಸಿತು. "ಬರ್ದಿಲ್ಲಾಂದ್ರೆ ಅವಳ ಸೊಂಟದಾಗೇ ಐತೆ ಬಿಡು. ಯಾರ್ಗಾನ ಕೊಟ್ಟಿದ್ರೆ ಬರೀತಿದ್ರು."

ನನಗೆ ಅಳು ಬಂತು. ಕಥೆಗಲ್ಲ. ಇಷ್ಟು ದಿನ ಇವಳಿಗೆ ಕಥೆ ಕೇಳಲು ಬರುವುದಿಲ್ಲ ಎಂದುಕೊಂಡು ನಾನು ಓದುತ್ತಲೇ ಇದ್ದೆನಲ್ಲ, ಅದಕ್ಕೆ. ಫೋನಿನಲ್ಲಿ ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಮೂಗು ಒರೆಸಿಕೊಂಡು, "ಹೌದಜ್ಜಿ, ಅವಳತ್ರಾನೇ ಐತೆ" ಎಂದೆ.

"ಅದೇ ಮತ್ತೆ" ಎಂದಳು ಅಜ್ಜಿ. "ಸೊಪ್ಪು ಹಾಕಿದ್ರಾ? ಈಗ ತಿಂತವೆ ನೋಡು, ಬಿಟ್ಟೂ ಬಿಡ್ದಂಗೆ. ಹೋಗು, ಫೋನ್ ಇಟ್ಟು ಸೊಪ್ಪು ಹಾಕೋಗು. ಆ ಮೆಸ್ಸಿನ ಬೀಗ ತೆಗೆಯೋ ವಿಷಯ ಯುಗಾದಿಗೆ ನಾನ್ ಬಂದ್ಮೇಲೆ ಕೂತು ಮಾತಾಡಣ."